ಇಟ್ಟಿಗೆ ಮನೆಯ ಒಳಗುಟ್ಟು

ಊರಿನಿಂದ ಬಂದ ಅಪ್ಪ-ಅಮ್ಮಂದಿರು ಹ್ಯೂಸ್ಟನ್ನಿನ ನಮ್ಮ ಮನೆಗಳನ್ನು ಹೊರಗಿನಿಂದ ನೋಡಿ, ‘ಭದ್ರವಾದ ಇಟ್ಟಿಗೆ ಮನೆ’ ಎಂದು ಸಂತೋಷಪಡುತ್ತಾರೆ. ಒಳಗೆ ಬಂದು ಗೋಡೆಯನ್ನು ಕುಟ್ಟಿದೊಡನೆ, ‘ಇದೇನಪ್ಪ, ರಟ್ಟಿನ ಡಬ್ಬದ ಹಾಗೆ ಸದ್ದು ಮಾಡುತ್ತೆ!’ ಎನ್ನುತ್ತಾರೆ. ಹೀಗೇಕಾಯಿತು ಎಂಬುದಕ್ಕೆ ಒಂದು ಚರಿತ್ರೆಯೇ ಇದೆ.

ಹಿಂದಿನವರು ಗೋಡೆಯನ್ನು ಅದರ ದಪ್ಪದಿಂದಲೇ ನಿಲ್ಲಿಸುತ್ತಿದ್ದರು. 1656ರಲ್ಲಿ ಮುಗಿದ ಬಿಜಾಪುರದ (ಈಗಿನ ವಿಜಯಪುರ) ಗೋಲಗುಮ್ಮಟದ ಗೋಡೆಗಳ ಎತ್ತರ ನೂರಡಿಗೂ ಮೇಲು, ದಪ್ಪ ಸುಮಾರು ಹತ್ತಡಿ. ಎತ್ತರವನ್ನು ದಪ್ಪದಿಂದ ಭಾಗಿಸಿದರೆ ಹತ್ತು-ಹನ್ನೊಂದು ಬರುತ್ತದೆ. ಎಂಜಿನಿಯರರು ಇದಕ್ಕೆ ಸ್ಲೆಂಡರ್‌ನೆಸ್ ರೇಷಿಯೊ ಎನ್ನುತ್ತಾರೆ. ಸಣಕಲುತನದ ಲೆಕ್ಕವೆಂದರೂ ಸರಿಯೇ. ಈ ಅಂಕಿ ಏರಿದಷ್ಟೂ ಗೋಡೆ ಬಾಗಿ ಬೀಳುವ ಭಯ ಹೆಚ್ಚು. ಊರಿನ ಒಂಬತ್ತಿಂಚಿನ ಗೋಡೆ ಹತ್ತಡಿ ಎತ್ತರವಿದ್ದರೆ ಅಂಕಿ ಹದಿಮೂರು. ಸಿಮೆಂಟ್ ಗಾರೆಯ ಗೋಡೆಗೆ ಭಾರತದ ಮಾನಕ 27ರವರೆಗೆ ಒಪ್ಪುತ್ತದೆ. ಭಾರ ಹೊರುವ ಗೋಡೆಗೆ ಅಮೆರಿಕದ ರೂಢಿಯ ನಿಯಮಗಳು 20ನ್ನು ಮೀರಗೊಡುತ್ತಿರಲಿಲ್ಲ. ಛಾವಣಿಯೋ ಅಡ್ಡಗೋಡೆಯೋ ಕೈಹಿಡಿದರೆ ಮಾತ್ರ ಗೋಡೆ ತೆಳ್ಳಗಿರಬಹುದು.

ದಪ್ಪಕ್ಕೂ ಬೆಲೆ ತೆರಬೇಕಲ್ಲ! ಷಿಕಾಗೋದಲ್ಲಿ 1891ರಲ್ಲಿ ಎದ್ದ ಹದಿನಾರು ಅಂತಸ್ತಿನ ಮೊನಾಡ್ನಾಕ್ ಕಟ್ಟಡದ ಬುಡದಲ್ಲಿ ಗೋಡೆ ಆರಡಿ ದಪ್ಪ. ಅಂಗಡಿಗೆ ಸಿಗಬೇಕಾದ ಜಾಗವನ್ನು ಗೋಡೆಯೇ ನುಂಗಿತು. ಆಮೇಲೆ ಎತ್ತರದ ಕಟ್ಟಡಗಳ ಭಾರವನ್ನು ಉಕ್ಕಿನ ಚೌಕಟ್ಟು ಹೊತ್ತಿತು, ಇಟ್ಟಿಗೆ ಹೊದಿಕೆಯಾಯಿತು.

ಡಲ್ಲಾಸ್, ಆಸ್ಟಿನ್, ಹ್ಯೂಸ್ಟನ್‌ಗಳ ನಮ್ಮ ಬಡಾವಣೆಗಳಲ್ಲೂ ಅದೇ ಕಥೆ, ಉಕ್ಕಿನ ಬದಲು ಮರ. ಹೊರಗಿನ ಇಟ್ಟಿಗೆ ಪದರ ಮೂರೂವರೆ ಇಂಚಿನಷ್ಟು. ಒಂಬತ್ತಡಿ ಎತ್ತರಕ್ಕೇ ಅಂಕಿ ಮೂವತ್ತು ದಾಟುತ್ತದೆ, ಎರಡಂತಸ್ತಿಗೆ ಅರವತ್ತು! ಒಂಟಿಯಾಗಿ ಅದು ನಿಲ್ಲಲಾರದು. ಸುಮಾರು ಎರಡೂವರೆ ಚದರಡಿಗೊಂದರಂತೆ ಸಣ್ಣ ಲೋಹದ ಪಟ್ಟಿಗಳು ಅದನ್ನು ಮರದ ಚೌಕಟ್ಟಿಗೆ ಬಿಗಿದಿರುತ್ತವೆ. ಮನೆಯನ್ನು ಇಟ್ಟಿಗೆ ಹಿಡಿದಿಲ್ಲ, ಮನೆಯೇ ಇಟ್ಟಿಗೆಯನ್ನು ಹಿಡಿದಿದೆ. 2004ರ ಐವನ್, 2005ರ ಕತ್ರಿನಾ ಚಂಡಮಾರುತಗಳಲ್ಲಿ ಹಲವು ಕಡೆ ಇಂಥ ಪದರ ಹಾಳೆಯಂತೆ ಕಳಚಿ ಬಿತ್ತು. ಪರೀಕ್ಷಿಸಿದವರಿಗೆ ಕಂಡದ್ದು: ಕೆಲವು ಪಟ್ಟಿಗಳು ಗಾರೆಯೊಳಗೆ ಕೂತೇ ಇರಲಿಲ್ಲ, ಕೆಲವೆಡೆ ಮೊಳೆ ಕಿತ್ತು ಬಂದಿತ್ತು. ಇಟ್ಟಿಗೆಯದೇನೂ ತಪ್ಪಿಲ್ಲ, ಪಾಪ!

ನಮ್ಮ ಕಡೆಯ ಜೇಡಿಮಣ್ಣು ಮಳೆಗೆ ಉಬ್ಬಿ ಬೇಸಿಗೆಗೆ ಕುಗ್ಗುವುದರಿಂದ ಕಿಟಕಿಯ ಮೂಲೆಗಳಲ್ಲಿ ಮೆಟ್ಟಿಲಿನಂಥ ಬಿರುಕು ಬೀಳುವುದುಂಟು. ಅದು ಸಾಮಾನ್ಯವಾಗಿ ತಳಪಾಯದ ಮಾತು. ಇಟ್ಟಿಗೆ ಪದರ ಹೊರಕ್ಕೆ ಉಬ್ಬಿದಂತೆ ಕಂಡರೆ ಮಾತ್ರ ಪಟ್ಟಿಗಳ ಮೇಲೆ ಅನುಮಾನಪಡಬೇಕು. ಊರಿನ ಗಾರೆಯವರಂತೆ ಒಂದು ತೂಗುಗುಂಡು ಇಳಿಬಿಟ್ಟರೆ ಐದು ನಿಮಿಷದಲ್ಲಿ ತಿಳಿಯುತ್ತದೆ. ಮಳೆಗಾಳಿಯ ತಿಂಗಳುಗಳು ಬರುವ ಮುನ್ನ, ಅಪ್ಪ ಇಲ್ಲಿರುವಾಗಲೇ ಆ ಕೆಲಸ ಮುಗಿಸಿದರೆ ಗುಂಡು ಹಿಡಿಯಲು ಒಂದು ಕೈಯೂ ಆಯಿತು.