ಹೆಸರು ಬದಲಾದ ಮನೆ: ಮಿರಜೆಯ ಒಂದು ಸಂಗೀತ ಕುಟುಂಬ

ಶಾಲೆಯ ದಾಖಲಾತಿ ಪುಸ್ತಕದಲ್ಲಿ ಹೆಸರು, ಜಾತಿ, ಮಾತೃಭಾಷೆ ಎಂಬ ಕಲಮುಗಳನ್ನು ತುಂಬುವುದು ಸುಲಭದ ಕೆಲಸವೆಂದು ತೋರೀತು. ಆದರೆ ವಲಸೆ ಬಂದ ಮನೆಯ ಮಗು ಎದುರಿಗೆ ನಿಂತಾಗ ಒಂದೊಂದು ಕಲಮೂ ಒಂದೊಂದು ಪ್ರಶ್ನೆಯಾಗುತ್ತದೆಂಬುದು ಗಡಿನಾಡಿನ ಶಿಕ್ಷಕರಿಗೆ ಹೊಸತಲ್ಲ. ಮಿರಜೆಯ ಇತಿಹಾಸದಲ್ಲಿಯೇ ಇದಕ್ಕೊಂದು ದೃಷ್ಟಾಂತವುಂಟು.

ಉತ್ತರ ಹಿಂದುಸ್ತಾನದ ಕೈರಾನಾದಲ್ಲಿ 1872ರಲ್ಲಿ ಜನಿಸಿದ ಉಸ್ತಾದ್ ಅಬ್ದುಲ್ ಕರೀಮ್ ಖಾನರು ಬಡೋದೆಯ ಆಸ್ಥಾನ ಗಾಯಕರಾಗಿದ್ದರು. ಅಲ್ಲಿಯ ಸರದಾರ ಮನೆತನದ ತಾರಾಬಾಯಿ ಮಾನೆಯವರ ಕೈಹಿಡಿದು, ಆ ಊರನ್ನು ತೊರೆದು, ಕಡೆಗೆ ಪಟವರ್ಧನರ ಸಂಸ್ಥಾನವಾಗಿದ್ದ ಮಿರಜೆಗೆ ಬಂದು ನೆಲೆಸಿದರು. ತಂದೆಯ ಊರು ಒಂದು, ತಾಯಿಯ ಊರು ಇನ್ನೊಂದು. ಮಕ್ಕಳು ಬೆಳೆದದ್ದು ಮರಾಠಿ, ಕನ್ನಡ, ಉರ್ದು ಮೂರೂ ಕಿವಿಗೆ ಬೀಳುವ ಈ ಸೀಮೆಯಲ್ಲಿ. 1905ರಲ್ಲಿ ಮಿರಜೆಯಲ್ಲಿಯೇ ಹುಟ್ಟಿದ ಮಗಳಿಗೆ ಚಂಪಾಕಲಿ ಎಂದು ಹೆಸರಿಟ್ಟರು.

1920ರ ಆಸುಪಾಸಿನಲ್ಲಿ ದಂಪತಿಗಳು ಅಗಲಿದರು. ತಾರಾಬಾಯಿಯವರು ಐವರು ಮಕ್ಕಳನ್ನು ಕರೆದುಕೊಂಡು ಬೇರೆಯಾದರು. ಅಬ್ದುಲ್ ರೆಹಮಾನನು ಸುರೇಶಬಾಬು ಮಾನೆಯಾದನು, ಸಕೀನಾ ಸರಸ್ವತಿಯಾದಳು, ಹದಿಹರೆಯದ ಚಂಪಾಕಲಿ ಹೀರಾಬಾಯಿಯಾದಳು. ಇಟಲಿಯಿಂದ ಅಮೇರಿಕೆಗೆ ಹೋದ ಎಷ್ಟೋ ಮನೆಗಳಲ್ಲಿ ಜುಸೆಪ್ಪೆ ಎಂಬ ಹುಡುಗ ಶಾಲೆಯಲ್ಲಿ ಜೋಸೆಫ್ ಆದಂತೆಯೇ ಇದೂ ಎನ್ನಬಹುದು. ಆದರೆ ಅಲ್ಲಿ ಊರು ಬದಲಾಗಿ ಹೆಸರು ಬದಲಾಯಿತು. ಇಲ್ಲಿ ಮನೆಯೇ ಒಡೆದು ಹೆಸರು ಬದಲಾಯಿತು.

ಆ ಬಾಲೆಯ ಅಂತರಂಗವನ್ನು ಕಲ್ಪಿಸಿ ಬರೆಯುವುದು ಇತಿಹಾಸವಲ್ಲ. ಆಕೆ ನಡೆದ ದಾರಿಯನ್ನು ನೋಡಿದರೆ ಸಾಕು. ಆಕೆ ಹೆಸರಾದದ್ದು ಹೀರಾಬಾಯಿ ಬಡೋದೆಕರ ಎಂದು. ಅಡ್ಡಹೆಸರು ತಾಯಿಯ ಬಡೋದೆಯದು. ಆದರೆ ಆಕೆ ಕಲಿತದ್ದು ಕೈರಾನಾದವರೇ ಆದ ಉಸ್ತಾದ್ ಅಬ್ದುಲ್ ವಹೀದ್ ಖಾನರ ಬಳಿಯಲ್ಲಿ. ಹಾಡಿದ್ದು ತಂದೆಯ ಊರ ಹೆಸರನ್ನೇ ಹೊತ್ತ ಕಿರಾನಾ ಘರಾನೆಯನ್ನು. ಹೆಸರು ತಾಯಿಯ ಕಡೆಗೆ ಹೊರಳಿತು, ಕಂಠ ತಂದೆಯ ಕಡೆಗೇ ಉಳಿಯಿತು. ಹುಟ್ಟೂರು ಮಾತ್ರ ಮಿರಜೆ. ಕುಲೀನ ಸ್ತ್ರೀಯರು ಸಭೆಯಲ್ಲಿ ಹಾಡುವುದು ಅಪರೂಪವಾಗಿದ್ದ ಕಾಲದಲ್ಲಿ ಆಕೆ ಸಭಾಗಾಯನಕ್ಕೆ ಗೌರವ ತಂದುಕೊಟ್ಟರು. 1970ರಲ್ಲಿ ಪದ್ಮಭೂಷಣ ಪ್ರಶಸ್ತಿ ಸಂದಿತು, 1989ರಲ್ಲಿ ನಿಧನರಾದರು.

ಅದೇ ಖಾನರ ವಿದ್ಯೆ ಕುಂದಗೋಳದ ಸವಾಯಿ ಗಂಧರ್ವರ ಮೂಲಕ ಗಂಗೂಬಾಯಿ ಹಾನಗಲ್ಲ, ಭೀಮಸೇನ ಜೋಶಿಯವರವರೆಗೂ ಹರಿದು ಕನ್ನಡಿಗರ ಸೊತ್ತಾಯಿತು. ಖಾನರು 1937ರಲ್ಲಿ ಮದ್ರಾಸು ಪ್ರಾಂತದ ಸಿಂಗಪೆರುಮಾಳ್ ಕೋಯಿಲ್ ರೈಲು ನಿಲ್ದಾಣದಲ್ಲಿ ದೇಹಬಿಟ್ಟರು. ಅವರ ಸಮಾಧಿ ಮಿರಜೆಯಲ್ಲಿದೆ. ಹೊರಗಿನಿಂದ ಬಂದವರು ಈ ಮಣ್ಣಿನವರೇ ಆದರು.

ಶಿಕ್ಷಕ ಬಂಧುಗಳೇ, ಪುಸ್ತಕದ ಒಂದು ಕಲಮಿನಲ್ಲಿ ಒಂದೇ ಉತ್ತರ ಬರೆಯಬೇಕಾದದ್ದು ಕಚೇರಿಯ ನಿಯಮ. ಮಗುವಿನ ಮನಸ್ಸಿಗೆ ಆ ನಿಯಮವಿಲ್ಲ. ಮನೆಯಲ್ಲಿ ಒಂದು ಹೆಸರು, ಶಾಲೆಯಲ್ಲಿ ಇನ್ನೊಂದು ಹೆಸರಿನ ಮಗು ಬಂದಾಗ, ಯಾವುದು ನಿಜವೆಂದು ಕೇಳುವ ಮೊದಲು ಮಿರಜೆಯ ಚಂಪಾಕಲಿಯನ್ನು ನೆನೆಯೋಣ. ಎರಡೂ ನಿಜವಾಗಿರಬಹುದು.