ಗಂಭೀರ ರೋಗಿಗಳಿಗೆ ಔಷಧೀಯ ಗಾಂಜಾ: ಶಾಸಕರ ಮುಂದಿರುವ ಪ್ರಶ್ನೆ

ಚಿತ್ರದುರ್ಗ: ಗಾಂಜಾ ಎಂದೊಡನೆ ಈ ಜಿಲ್ಲೆಯವರಿಗೆ ನೆನಪಾಗುವುದು ಪೊಲೀಸ್ ದಾಳಿ. 2020ರ ಸೆಪ್ಟೆಂಬರ್‌ನಲ್ಲಿ ಮೊಳಕಾಲ್ಮುರು ತಾಲ್ಲೂಕಿನಲ್ಲಿ ಎಕರೆಗಟ್ಟಲೆ ಬೆಳೆದಿದ್ದ ಗಾಂಜಾವನ್ನು ಪೊಲೀಸರು ವಶಪಡಿಸಿಕೊಂಡಾಗ ಅದು ರಾಜ್ಯಮಟ್ಟದ ಸುದ್ದಿಯಾಗಿತ್ತು. ಅದೇ ಗಿಡಕ್ಕೆ ಔಷಧದ ಮುಖವೂ ಇದೆ. ಕ್ಯಾನ್ಸರ್, ಅಪಸ್ಮಾರ, ನರರೋಗಗಳಿಂದ ನರಳುವವರಿಗೆ ವೈದ್ಯರ ನಿಗಾದಲ್ಲಿ ಅದನ್ನು ಒದಗಿಸಲು ಶಾಸನಸಭೆ ದಾರಿ ಮಾಡಿಕೊಡಬೇಕೆಂಬ ಬೇಡಿಕೆ ಅಲ್ಲಲ್ಲಿ ಕೇಳಿಬರುತ್ತಿದೆ.

ಬೇಡಿಕೆ ಹೊಸದಾದರೂ ಬಳಕೆ ಹೊಸದಲ್ಲ. ಆಯುರ್ವೇದದಲ್ಲಿ ಈ ಸಸ್ಯಕ್ಕೆ ವಿಜಯಾ ಎಂಬ ಹೆಸರಿದೆ. 1839ರಲ್ಲಿ ಕಲ್ಕತ್ತೆಯ ವೈದ್ಯ ಓಶಾಘ್ನೆಸಿ, ಧನುರ್ವಾಯು ಮತ್ತು ಸೆಳವಿನ ರೋಗಿಗಳ ಮೇಲೆ ಇದನ್ನು ಪ್ರಯೋಗಿಸಿ ಪಾಶ್ಚಾತ್ಯ ವೈದ್ಯಲೋಕಕ್ಕೆ ಪರಿಚಯಿಸಿದರು.

ಕಾನೂನು ಹೇಳುವುದೇನು?

1985ರ ಮಾದಕ ದ್ರವ್ಯ ಮತ್ತು ಮನೋಪರಿಣಾಮಿ ಪದಾರ್ಥಗಳ ಕಾಯ್ದೆ (ಎನ್‌ಡಿಪಿಎಸ್) ಗಾಂಜಾವನ್ನು ನಿಷೇಧಿಸಿದೆ ಎಂಬುದು ಅರ್ಧ ಸತ್ಯ. ಗಿಡದ ಹೂವಿನ ಅಥವಾ ಕಾಯಿಯ ತುದಿ ಗಾಂಜಾ. ಅದರಿಂದ ಬೇರ್ಪಡಿಸಿದ ಅಂಟು ಚರಸ್. ಎಲೆ ಮಾತ್ರವಾದರೆ ಈ ವ್ಯಾಖ್ಯೆಗೆ ಬರುವುದಿಲ್ಲ. ಭಂಗಿಯನ್ನು ನಿಷೇಧಿತ ಪದಾರ್ಥವೆಂದು ಎನ್‌ಡಿಪಿಎಸ್ ಕಾಯ್ದೆ ಎಲ್ಲಿಯೂ ಹೇಳಿಲ್ಲವೆಂದು ಕರ್ನಾಟಕ ಹೈಕೋರ್ಟ್ 2022ರಲ್ಲಿ ಜಾಮೀನು ಅರ್ಜಿಯೊಂದರಲ್ಲಿ ಅಭಿಪ್ರಾಯಪಟ್ಟಿತ್ತು. ಎಲೆಯ ಸಾರದಿಂದ ಮಾಡಿದ ಆಯುರ್ವೇದ ಔಷಧಗಳು ಮಾರುಕಟ್ಟೆಗೆ ಬಂದಿರುವುದು ಈ ಸಂದಿನಿಂದಲೇ. 2020ರ ಫೆಬ್ರವರಿಯಲ್ಲಿ ಬೆಂಗಳೂರಿನ ಕೋರಮಂಗಲದಲ್ಲಿ ಇಂತಹ ಚಿಕಿತ್ಸೆಗಾಗಿಯೇ ಕ್ಲಿನಿಕ್ ಒಂದು ತೆರೆದಿತ್ತು.

ಕಾಯ್ದೆಯ 8ನೇ ಕಲಂ ವೈದ್ಯಕೀಯ ಮತ್ತು ವೈಜ್ಞಾನಿಕ ಉದ್ದೇಶಗಳಿಗೆ ವಿನಾಯಿತಿ ನೀಡುತ್ತದೆ. 10ನೇ ಕಲಂ ಇನ್ನೂ ಮುಖ್ಯ. ಗಾಂಜಾ ಬೆಳೆ, ಉತ್ಪಾದನೆ, ಸಾಗಣೆ, ಮಾರಾಟ, ಬಳಕೆಗಳನ್ನು ಅನುಮತಿಸುವ ಮತ್ತು ನಿಯಂತ್ರಿಸುವ ಅಧಿಕಾರವನ್ನು ಅದು ರಾಜ್ಯ ಸರ್ಕಾರಕ್ಕೇ ಕೊಟ್ಟಿದೆ. ಚರಸ್ ಮಾತ್ರ ಇದಕ್ಕೆ ಹೊರತು. ತೊಡಕಿರುವುದು ಇಲ್ಲಿಯೇ. ರೋಗಿಗೆ ಹನಿ ಲೆಕ್ಕದಲ್ಲಿ ಕೊಡಬಹುದಾದ ಸಾಂದ್ರ ತೈಲವನ್ನು ಕಾಯ್ದೆ ಚರಸ್ ಗುಂಪಿಗೆ ಸೇರಿಸಿರುವುದರಿಂದ ರಾಜ್ಯದ ಅಧಿಕಾರ ಅಲ್ಲಿಗೆ ತಲುಪುವುದಿಲ್ಲ. ಆದಕಾರಣ ಬೆಂಗಳೂರು ನಿಯಮ ರೂಪಿಸಿದರೂ ದೆಹಲಿ ಕಾಯ್ದೆ ತಿದ್ದಬೇಕಾಗುತ್ತದೆ. ಈ ನಿಷೇಧವನ್ನೇ ಪ್ರಶ್ನಿಸಿ ಗ್ರೇಟ್ ಲೀಗಲೈಸೇಷನ್ ಮೂವ್‌ಮೆಂಟ್ ಇಂಡಿಯಾ ಟ್ರಸ್ಟ್ 2019ರಲ್ಲಿ ದೆಹಲಿ ಹೈಕೋರ್ಟ್ ಮೆಟ್ಟಿಲೇರಿತ್ತು.

ವಿಶ್ವಸಂಸ್ಥೆಯ ಮಾದಕ ದ್ರವ್ಯ ಆಯೋಗವು 2020ರ ಡಿಸೆಂಬರ್ 2ರಂದು, 1961ರ ಒಪ್ಪಂದದ ಅತಿ ಕಠಿಣ ಪಟ್ಟಿಯಿಂದ ಗಾಂಜಾವನ್ನು ಕೈಬಿಟ್ಟಿತು. 27-25ರ ಅಲ್ಪ ಅಂತರದ ಆ ಮತದಾನದಲ್ಲಿ ಭಾರತ ಪರವಾಗಿ ಕೈ ಎತ್ತಿತ್ತು. ಅಲ್ಲಿ ಒಪ್ಪಿದ ಮಾತು ಇಲ್ಲಿ ಕಾನೂನಾಗಿ ಇಳಿದಿಲ್ಲ.

ಪ್ರಯೋಜನ ಎಷ್ಟು?

ಅಮೆರಿಕದ ರಾಷ್ಟ್ರೀಯ ಅಕಾಡೆಮಿಗಳ 2017ರ ವರದಿ ಕಿಮೊಥೆರಪಿಯ ವಾಕರಿಕೆ, ವಯಸ್ಕರ ದೀರ್ಘಕಾಲದ ನೋವು, ಮಲ್ಟಿಪಲ್ ಸ್ಕ್ಲೆರೋಸಿಸ್ ರೋಗಿಗಳ ಸ್ನಾಯು ಸೆಟೆತಗಳಲ್ಲಿ ಇದರ ಉಪಯೋಗಕ್ಕೆ ಗಟ್ಟಿ ಆಧಾರ ಗುರುತಿಸಿತು. ಮಕ್ಕಳ ಎರಡು ಕ್ಲಿಷ್ಟ ಅಪಸ್ಮಾರಗಳಿಗೆ ಗಾಂಜಾಮೂಲದ ಎಪಿಡಿಯೊಲೆಕ್ಸ್ ಔಷಧವನ್ನು ಆ ದೇಶ 2018ರಲ್ಲಿ ಅಂಗೀಕರಿಸಿತು. ಹಾಗೆಂದು ಇದು ಸಂಜೀವಿನಿಯಲ್ಲ. ಕ್ಯಾನ್ಸರನ್ನೇ ವಾಸಿಮಾಡುತ್ತದೆಂಬ ಪ್ರಚಾರಕ್ಕೆ ಆಧಾರವಿಲ್ಲ. ನೋವುನಿವಾರಣೆಗೆ ಇದನ್ನು ಅನುಮೋದಿಸುವಷ್ಟು ಪುರಾವೆ ಸಾಲದೆಂದು ಅಂತರರಾಷ್ಟ್ರೀಯ ನೋವು ಅಧ್ಯಯನ ಸಂಘ 2021ರಲ್ಲಿ ಹೇಳಿದೆ. ಎಳೆಯರಲ್ಲಿ ಮನೋವಿಕಾರದ ಅಪಾಯವೂ ಉಂಟು. ಆದುದರಿಂದಲೇ ಅಂಗಡಿಯ ಮಾರಾಟವಲ್ಲ, ತಜ್ಞವೈದ್ಯರ ಚೀಟಿ ಮತ್ತು ಆಸ್ಪತ್ರೆಯ ದಾಖಲೆಗಳಿಗೆ ಒಳಪಟ್ಟ ವ್ಯವಸ್ಥೆಯೇ ಯುಕ್ತ.

ಮಾರ್ಫಿನ್ ಕತೆ ಇಲ್ಲಿ ಪಾಠವಾಗಬಲ್ಲದು. ಮಾರ್ಫಿನ್ ಎಂದೂ ನಿಷೇಧಿತ ಔಷಧವಾಗಿರಲಿಲ್ಲ. ಆದರೂ ಎನ್‌ಡಿಪಿಎಸ್ ಕಾಯ್ದೆಯ ಹತ್ತಾರು ಪರವಾನಗಿ ಮತ್ತು ಜೈಲಿನ ಭಯದಿಂದ ಔಷಧದಂಗಡಿಗಳು ಅದನ್ನು ಇಡುವುದನ್ನೇ ಬಿಟ್ಟವು. 1985ರಿಂದ 1997ರ ಹೊತ್ತಿಗೆ ದೇಶದ ವೈದ್ಯಕೀಯ ಬಳಕೆ ಶೇ 97ರಷ್ಟು ಕುಸಿದು ಕೇವಲ 18 ಕಿಲೋಗ್ರಾಂಗೆ ಇಳಿಯಿತು. ಇದನ್ನು ಸರಿಪಡಿಸಲು ಸಂಸತ್ತು 2014ರಲ್ಲಿ ತಿದ್ದುಪಡಿ ತಂದು ಅಗತ್ಯ ಮಾದಕ ಔಷಧಗಳಿಗೆ ಒಂದೇ ಪರವಾನಗಿ ಸಾಕೆಂದಿತು. ಗಾಂಜಾಕ್ಕೆ ಕೇಳುತ್ತಿರುವುದೂ ಇಂತಹದೇ ಕಟ್ಟುಪಾಡಿನ ಬಾಗಿಲನ್ನು.

ಹಿರಿಯೂರು ಮತ್ತು ಚಿತ್ರದುರ್ಗಕ್ಕೆ ಹೆದ್ದಾರಿಯ ಅನುಕೂಲವಾದರೂ ಇದೆ. ಹೊಸದುರ್ಗ, ಹೊಳಲ್ಕೆರೆಯ ಹಳ್ಳಿಗಳ ಕ್ಯಾನ್ಸರ್ ರೋಗಿಗೆ ತಜ್ಞ ಚಿಕಿತ್ಸೆಯೆಂದರೆ ಬಹಳ ಸಲ 200 ಕಿಲೋಮೀಟರ್ ದೂರದ ಬೆಂಗಳೂರಿನ ಕಿದ್ವಾಯಿ ಸಂಸ್ಥೆ. ಅಲ್ಲಿಂದ ಮರಳಿದ ಮೇಲೆ ಮನೆಯ ನೋವು, ವಾಂತಿ, ನಿದ್ರೆಯಿಲ್ಲದ ರಾತ್ರಿಗಳನ್ನು ನೋಡಿಕೊಳ್ಳುವವರು ಮನೆಮಂದಿಯೇ. ರಾಜ್ಯವು 2016ರಲ್ಲಿ ಉಪಶಾಮಕ ಆರೈಕೆ ನೀತಿಯನ್ನು ರೂಪಿಸಿದೆ. ಪಕ್ಕದ ದಾವಣಗೆರೆಯ ನಿವೃತ್ತ ಶಿಕ್ಷಕಿ ಎಚ್.ಬಿ. ಕರಿಬಸಮ್ಮ ಅವರು ದಶಕಗಳ ಕಾಲ ಹೋರಾಡಿದ ಘನತೆಯ ಸಾವಿನ ಹಕ್ಕಿನ ಕುರಿತು 2025ರ ಜನವರಿ 30ರಂದು ಸುತ್ತೋಲೆಯನ್ನೂ ಹೊರಡಿಸಿದೆ. ಘನತೆಯಿಂದ ಸಾಯಲು ದಾರಿ ತೋರಿದ ಸರ್ಕಾರ, ಅದಕ್ಕೆ ಮುಂಚಿನ ದಿನಗಳ ನೋವಿನ ಬಗೆಗೂ ಯೋಚಿಸಬೇಕಲ್ಲವೇ?

ಹಿಮಾಚಲ ಪ್ರದೇಶ ಈ ವಿಷಯದಲ್ಲಿ ಮುಂದಿದೆ. ಔಷಧೀಯ ಮತ್ತು ಕೈಗಾರಿಕಾ ಉದ್ದೇಶದ ನಿಯಂತ್ರಿತ ಗಾಂಜಾ ಬೇಸಾಯದ ಪರವಾಗಿ ಅಲ್ಲಿನ ವಿಧಾನಸಭೆ 2024ರ ಸೆಪ್ಟೆಂಬರ್‌ನಲ್ಲಿ ನಿರ್ಣಯ ಸ್ವೀಕರಿಸಿತು. ಸಚಿವರ ನೇತೃತ್ವದ ಸಮಿತಿಯೊಂದು ಅದಕ್ಕೂ ಮುನ್ನ ಅಧ್ಯಯನ ನಡೆಸಿತ್ತು. ಕರ್ನಾಟಕದಲ್ಲಿ ನಾಗರಿಕರು ಸದಸ್ಯರೊಬ್ಬರ ಮೂಲಕ ವಿಧಾನಸಭೆಯ ಅರ್ಜಿಗಳ ಸಮಿತಿಯನ್ನು ತಲುಪಬಹುದು. ಜಿಲ್ಲೆಯ ಆರು ಕ್ಷೇತ್ರಗಳ ಪೈಕಿ ಚಿತ್ರದುರ್ಗ, ಹಿರಿಯೂರು, ಹೊಸದುರ್ಗ ಹಾಗೂ ಹೊಳಲ್ಕೆರೆಯ ಶಾಸಕರಲ್ಲಿ ಯಾರೇ ಒಬ್ಬರು ಅಂತಹ ಅರ್ಜಿಗೆ ಸಹಿ ಹಾಕಿದರೂ ವಿಷಯ ಸದನದ ಕಡತಕ್ಕೆ ಸೇರುತ್ತದೆ.