'ತಿರಸ್ಕೃತ' ಅಂದರೆ ಸಾಕೇ? ರಸ್ಟ್ ಕಂಪೈಲರ್ ಕಾರಣ ಹೇಳಲು ಕಲಿತದ್ದು ಹೀಗೆ

ಸರ್ಕಾರಿ ಪೋರ್ಟಲ್‌ನಲ್ಲಿ ಅರ್ಜಿ ಹಾಕಿ 'ತಿರಸ್ಕೃತ' ಅನ್ನೋ ಒಂದೇ ಪದ ನೋಡಿದವರಿಗೆ ಈ ಸಂಕಟ ಗೊತ್ತು. ಯಾವ ದಾಖಲೆ ಸರಿಯಿಲ್ಲ, ಮುಂದೇನು ಮಾಡಬೇಕು, ಒಂದೂ ತಿಳಿಯಲ್ಲ. ಕೋಡ್ ಬರೆಯಲು ಕೂತವರಿಗೆ ಕಂಪೈಲರ್‌ಗಳು ದಶಕಗಳ ಕಾಲ ಕೊಟ್ಟಿದ್ದೂ ಹೆಚ್ಚುಕಮ್ಮಿ ಇಂಥದ್ದೇ ಉತ್ತರ.

ನಾವು ಬರೆದ ಕೋಡನ್ನು ಯಂತ್ರಕ್ಕೆ ಅರ್ಥವಾಗುವ ಸೂಚನೆಗಳಾಗಿ ಬದಲಿಸುವ ತಂತ್ರಾಂಶವೇ ಕಂಪೈಲರ್. ಬದಲಿಸಲು ಆಗದಿದ್ದಾಗ ಅದು ಎರರ್ ಮೆಸೇಜ್ ತೋರಿಸುತ್ತೆ. ತೊಡಕು ಏನೆಂದರೆ, ನಾವು ಎಲ್ಲಿ ತಪ್ಪಿದೆವು ಅನ್ನೋದು ಅದಕ್ಕೆ ನೇರವಾಗಿ ಗೊತ್ತಾಗಲ್ಲ. ತಾನು ಎಲ್ಲಿ ಸಿಕ್ಕಿಹಾಕಿಕೊಂಡೆ ಅನ್ನೋದಷ್ಟೇ ಗೊತ್ತು. ಪೈಥಾನ್‌ನಲ್ಲಿ ಒಂದು ಆವರಣ ಚಿಹ್ನೆ ತೆರೆದು ಮುಚ್ಚೋದು ಮರೆತಿರಿ ಅಂತಿಟ್ಟುಕೊಳ್ಳಿ. ಹಳೆಯ ಆವೃತ್ತಿಗಳು ಎಷ್ಟೋ ಸಲ ಅದರ ಮುಂದಿನ, ಏನೂ ತಪ್ಪಿಲ್ಲದ ಸಾಲಿಗೆ ಬೆರಳು ತೋರಿಸಿ 'ಸಿಂಟ್ಯಾಕ್ಸ್ ಸರಿಯಿಲ್ಲ' ಅಂತಿದ್ದವು. ತೆರೆದ ಚಿಹ್ನೆಯನ್ನೇ ತೋರಿಸಿ 'ಇದನ್ನು ಮುಚ್ಚಿಲ್ಲ' ಎಂದು ಹೇಳಿದ್ದು 2021ರ 3.10 ಆವೃತ್ತಿ. ಪೈಥಾನ್ ಮೊದಲು ಬಿಡುಗಡೆಯಾಗಿದ್ದು 1991ರಲ್ಲಿ. ಇಷ್ಟು ಸಣ್ಣ ಸೌಜನ್ಯಕ್ಕೆ 30 ವರ್ಷ!

ಈ ಬದಲಾವಣೆಯ ಗಾಳಿ ಬೀಸಿದ್ದು ಎಲ್ಮ್ ಎಂಬ ಪುಟ್ಟ ಭಾಷೆಯಿಂದ. ಅದರ ಕರ್ತೃ ಇವಾನ್ ಚಾಪ್ಲಿಕಿ 2015ರಲ್ಲಿ ಎರರ್ ಮೆಸೇಜ್‌ಗಳನ್ನು ಮನುಷ್ಯರಿಗಾಗಿ ಹೊಸದಾಗಿ ಬರೆಯಲು ಕೂತರು. ಎಲ್ಮ್ ಕಂಪೈಲರ್ 'ನಾನು' ಅಂತಲೇ ಮಾತಾಡುತ್ತೆ: ಈ ಹೆಸರು ನನಗೆ ಸಿಗುತ್ತಿಲ್ಲ, ಇದಕ್ಕೆ ಹತ್ತಿರದ ಹೆಸರುಗಳು ಇವು, ನೋಡಿ. ಕೆಲವರಿಗೆ ಇದು ಅತಿ ಅನ್ನಿಸಬಹುದು. ನನಗಂತೂ ಬೈಸಿಕೊಳ್ಳೋದಕ್ಕಿಂತ ಇದೇ ವಾಸಿ.

ಎಲ್ಮ್‌ನಿಂದ ಪ್ರೇರಣೆ ಪಡೆದು ಇದನ್ನು ದೊಡ್ಡ ಮಟ್ಟಕ್ಕೆ ಒಯ್ದಿದ್ದು ರಸ್ಟ್. ಅದಕ್ಕೆ ಇದು ಅಳಿವು ಉಳಿವಿನ ಪ್ರಶ್ನೆಯೂ ಆಗಿತ್ತು. ಸಿ ಭಾಷೆಯಲ್ಲಿ ಸಲೀಸಾಗಿ ಕಂಪೈಲ್ ಆಗಿ, ಆಮೇಲೆ ಮೆಮೊರಿ ಹಾಳುಮಾಡುವ ಎಷ್ಟೋ ಕೋಡನ್ನು ರಸ್ಟ್ ಬಾಗಿಲಲ್ಲೇ ತಡೆಯುತ್ತೆ. ಅಲ್ಲಿ ಪ್ರತಿ ಮೌಲ್ಯಕ್ಕೂ ಒಬ್ಬನೇ ಯಜಮಾನ. ಒಂದು ಸ್ಟ್ರಿಂಗನ್ನು ಇನ್ನೊಂದು ಫಂಕ್ಷನ್‌ಗೆ ಕೊಟ್ಟುಬಿಟ್ಟರೆ, ಕೊಟ್ಟವರು ಮತ್ತೆ ಅದನ್ನು ಮುಟ್ಟುವಂತಿಲ್ಲ. ಬೇರೆ ಭಾಷೆಗಳಿಂದ ಬಂದವರಿಗೆ ಈ ನಿಯಮ ವಿಚಿತ್ರ. ಇಷ್ಟೊಂದು 'ಇಲ್ಲ' ಹೇಳುವ ಕಂಪೈಲರ್ ಕಾರಣ ಕೊಡದೇ ಇದ್ದರೆ ಜನ ಎರಡೇ ದಿನಕ್ಕೆ ಎದ್ದು ಹೋಗ್ತಾರೆ.

2016ರ ಸೆಪ್ಟೆಂಬರ್‌ನಲ್ಲಿ ಬಂದ ರಸ್ಟ್ 1.12 ಹೊಸ ಮಾದರಿಯ ಮೆಸೇಜ್ ತಂದಿತು. ಮಧ್ಯದಲ್ಲಿ ಇರೋದು ನಿಮ್ಮದೇ ಕೋಡ್. ತಪ್ಪು ಏನು ಅನ್ನೋದಕ್ಕೆ ಕೆಂಪು ಗುರುತು, ಅದು ಯಾಕೆ ತಪ್ಪು ಅನ್ನೋದಕ್ಕೆ ನೀಲಿ. ಮೇಲಿನ ಉದಾಹರಣೆಯಲ್ಲಿ, ಸ್ಟ್ರಿಂಗ್ ಕೈಬಿಟ್ಟುಹೋದ ಸಾಲು ನೀಲಿ, ಆಮೇಲೆ ನೀವು ಬಳಸಲು ಹೋದ ಸಾಲು ಕೆಂಪು. ಎರಡನ್ನೂ ಒಟ್ಟಿಗೆ ನೋಡಿದಾಗ ನಿಯಮ ತಾನಾಗೇ ಅರ್ಥವಾಗುತ್ತೆ. ಈಗಿನ ಆವೃತ್ತಿಗಳು ಎಷ್ಟೋ ಕಡೆ 'ಪ್ರತಿ ಮಾಡಿಕೊಡಬಹುದಲ್ಲ' ಅಂತ ದಾರಿಯನ್ನೂ ತೋರಿಸುತ್ತವೆ. ಗೊಂದಲ ಹುಟ್ಟಿಸುವ ಮೆಸೇಜ್ ಕಂಡರೆ ಅದನ್ನೂ ಕಂಪೈಲರ್‌ನ ದೋಷ ಅಂತಲೇ ವರದಿ ಮಾಡಬಹುದು. ತಪ್ಪಿನ ಹೊರೆ ಬಳಕೆದಾರರ ತಲೆಯಿಂದ ಕೊಂಚ ಇಳಿಯೋದು ಇಲ್ಲಿ.

ಆದರೆ ಸಲಹೆಯೇ ತಪ್ಪಾದರೆ? ಹೊಸಬರು ಕಂಪೈಲರ್ ಹೇಳಿದ್ದನ್ನು ವೇದವಾಕ್ಯ ಅಂತ ನಂಬಿ ದಾರಿ ತಪ್ತಾರೆ. ಅದಕ್ಕೇ ರಸ್ಟ್ ತನ್ನ ಸಲಹೆಗಳಿಗೆ ಒಳಗೊಳಗೇ ದರ್ಜೆ ಕೊಟ್ಟುಕೊಂಡಿದೆ: ಯಂತ್ರವೇ ತಿದ್ದಿಬಿಡಬಹುದಾದಷ್ಟು ಖಚಿತವಾದವು ಒಂದು, ತಪ್ಪಿರಲೂಬಹುದಾದವು ಇನ್ನೊಂದು, ಹೀಗೆ.

ಇಷ್ಟೆಲ್ಲ ಮಾಡಿದರೆ ನಿಜಕ್ಕೂ ಉಪಯೋಗ ಇದೆಯಾ? ಸಂಶೋಧಕರಲ್ಲೇ ಒಮ್ಮತ ಇಲ್ಲ. 2014ರಲ್ಲಿ ಪಾಲ್ ಡೆನ್ನಿ ಮತ್ತು ಸಂಗಡಿಗರು ವಿದ್ಯಾರ್ಥಿಗಳಿಗೆ ಸುಧಾರಿತ ಮೆಸೇಜ್ ಕೊಟ್ಟು ನೋಡಿದಾಗ ಹೇಳಿಕೊಳ್ಳುವಂಥ ಪರಿಣಾಮ ಕಾಣಲಿಲ್ಲ. ಆಮೇಲೆ ಬ್ರೆಟ್ ಬೆಕರ್ ನಡೆಸಿದ ಅಧ್ಯಯನದಲ್ಲಿ ತಪ್ಪುಗಳು ಕಡಿಮೆಯಾದವು. ಟೈಟಸ್ ಬಾರಿಕ್ ತಂಡ 2017ರಲ್ಲಿ ಕಣ್ಣಿನ ಚಲನೆಯನ್ನೇ ಅಳೆದು ನೋಡಿತು. ಪ್ರೋಗ್ರಾಮರ್‌ಗಳು ಮೆಸೇಜ್ ಓದೋದೇ ಇಲ್ಲ ಅನ್ನೋ ಮಾತು ಸುಳ್ಳಾಯಿತು. ಓದ್ತಾರೆ, ಆದರೆ ಅದು ಕೋಡ್ ಓದುವಷ್ಟೇ ಕಷ್ಟದ ಕೆಲಸ.

ಇಂಗ್ಲಿಷ್ ಅಷ್ಟು ಸಲೀಸಲ್ಲದವರಿಗೆ, ಉದಾಹರಣೆಗೆ ಕನ್ನಡ ಮಾಧ್ಯಮದಲ್ಲಿ ಓದಿ ಡಿಪ್ಲೊಮಾ ಸೇರಿದ ಹುಡುಗ ಹುಡುಗಿಯರಿಗೆ, ಆ ಕಷ್ಟ ದುಪ್ಪಟ್ಟು. ಜಿಸಿಸಿ ಕಂಪೈಲರ್‌ನ ಮೆಸೇಜ್‌ಗಳು ಜರ್ಮನ್, ಫ್ರೆಂಚ್, ಜಪಾನಿ ಭಾಷೆಗಳಲ್ಲೂ ಇವೆ. ರಸ್ಟ್ ಕೂಡ 2022ರಲ್ಲಿ ಅನುವಾದಕ್ಕೆ ಬೇಕಾದ ತಳಹದಿ ಹಾಕಲು ಶುರು ಮಾಡಿತು. ಆದರೆ ಅನುವಾದವಾದ ಮೆಸೇಜನ್ನು ಅಂತರ್ಜಾಲದಲ್ಲಿ ಹುಡುಕಿದರೆ ಉತ್ತರ ಸಿಗೋದು ಕಮ್ಮಿ, ಯಾಕಂದ್ರೆ ಚರ್ಚೆ ನಡೆದಿರೋದು ಹೆಚ್ಚಾಗಿ ಇಂಗ್ಲಿಷ್‌ನಲ್ಲಿ. ಇಲ್ಲಿ ನೆರವಿಗೆ ಬರೋದು ಸಂಕೇತ ಸಂಖ್ಯೆ. ಕೈಬಿಟ್ಟ ಮೌಲ್ಯವನ್ನು ಮತ್ತೆ ಬಳಸಿದ ತಪ್ಪಿಗೆ ರಸ್ಟ್‌ನಲ್ಲಿ ಇ0382 ಎಂಬ ಗುರುತಿದೆ. ಮೆಸೇಜ್ ಯಾವ ಭಾಷೆಯಲ್ಲಿದ್ದರೂ ಅದು ಬದಲಾಗಬೇಕಿಲ್ಲ. ಇಂಥ ಪ್ರತಿ ಸಂಖ್ಯೆಗೂ ಉದಾಹರಣೆ ಸಮೇತ ವಿವರಣೆ ಇರುವ ಒಂದೊಂದು ಪುಟ್ಟ ಫೈಲ್ ರಸ್ಟ್‌ನ ಮುಕ್ತ ಭಂಡಾರದಲ್ಲಿದೆ. ಯಾರು ಬೇಕಾದರೂ ತಿದ್ದುಪಡಿ ಕಳಿಸಬಹುದು.